ಮರಳು

ನಮ್ಮ ಬೀದಿಗೆ ನಲ್ಲಿ ನೀರು ಎಂಟು ದಿನಕ್ಕೊಮ್ಮೆ.
ಹಾಗಾಗಿ ಸಮುದ್ರಕ್ಕೆ ಸಿಕ್ಕಿದ್ದು ಏಳೇ ದಿನ.
ಸೋಮವಾರ ಬೆಳಗಿನ ಜಾವ ತೊಟ್ಟಿ, ಡ್ರಮ್ಮು, ಹಂಡೆ,
ಹಾಲಿನ ಕ್ಯಾನು, ಕೊನೆಗೆ ಒಗ್ಗರಣೆ ಸೌಟಿನ ತನಕ ತುಂಬಿಸಿ
ಬೀಗ ಹಾಕಿ, ಎರಡು ಸಲ ಜಗ್ಗಿ ನೋಡಿ
ಹನ್ನೊಂದು ಜನ ಟೆಂಪೋ ಹತ್ತಿದೆವು, ಅರಸೀಕೆರೆಯಿಂದ.

ಹಿಂದಿನ ಸೀಟಿನಲ್ಲಿ ನನ್ನವರು, ಡ್ರೈವರ್ ಪಕ್ಕ ಅವರ ತಮ್ಮ.
ಕೊಬ್ಬರಿ ಮಂಡಿ ಪಾಲಾದ ಮೇಲೆ ಇಬ್ಬರ ನಡುವೆ
ಒಂದು ಗೋಡೆ, ಎರಡು ತಕ್ಕಡಿ.
"ಚಟ್ನಿಪುಡಿ ಆ ಕಡೆಗೂ ಹೋಗ್ಲಿ" ಎನ್ನುವಷ್ಟು ಮಾತು,
ಅದೂ ನನ್ನ ಮೂಲಕ.
ಈ ಪ್ರವಾಸ ಅತ್ತೆಯ ಹಟ:
"ಎಪ್ಪತ್ತೆರಡಾಯ್ತು. ನೀರು ಅಂದ್ರೆ ಎಷ್ಟು ಅಂತ
ಒಂದ್ಸಲ ನೋಡಬೇಕು ನಾನು."

ನೋಡಿದರು.
ಮರವಂತೆಯ ಕಲ್ಲುಬಂಡೆ ಮೇಲೆ ಬಹಳ ಹೊತ್ತು ಸುಮ್ಮನೆ ಕೂತು
"ಇದನ್ನ ನಿಲ್ಸೋರು ಯಾರೂ ಇಲ್ವಾ?" ಎಂದರು,
ಯಾರೋ ತೆರೆದಿಟ್ಟು ಮರೆತ ನಲ್ಲಿ ಕಂಡವರ ಸಂಕಟದಲ್ಲಿ.
ಬೆರಳದ್ದಿ ನೆಕ್ಕಿ ಮುಖ ಕಿವುಚಿದರು.
ಆಮೇಲೆ ಏಳೂ ದಿನ
ನಾವು ಕುಡಿದೆಸೆದ ನೀರಿನ ಬಾಟಲಿಗಳನ್ನು ಆಯ್ದು
ಹಳೇ ಸೀರೆಯಲ್ಲಿ ಗಂಟು ಕಟ್ಟಿದರು.

ಗಂಡಸರು ನೀರು ನೋಡಲಿಲ್ಲ, ತೆಂಗಿನಮರ ನೋಡಿದರು.
ತಲೆಯೆತ್ತಿ ಗೊನೆ ಎಣಿಸಿದರು,
ತಿಪಟೂರಿನ ದರ ಫೋನಿನಲ್ಲಿ ಕೇಳಿದರು.
"ಕಾಯಿ ದಪ್ಪ, ಕೊಬ್ಬರಿ ತೆಳು" ಎಂದು ಇವರು ಗಾಳಿಗೆ ಹೇಳಿದರೆ
"ಉಪ್ಪುಗಾಳಿ" ಎಂದು ಮೈದುನ ಗಾಳಿಗೇ ಉತ್ತರ ಕೊಟ್ಟ.
ವಾರಗಿತ್ತಿ ದಾಕ್ಷಾಯಣಿ ನೈಟಿಯಲ್ಲೇ ನೀರಿಗೆ ಬಿದ್ದು ನಕ್ಕಳು.
ಹದಿನಾಲ್ಕು ವರ್ಷ ಒಂದೇ ಒಲೆಯ ಮುಂದೆ ನಿಂತಿದ್ದೇವೆ;
ಅವಳ ನಗೆಯೊಳಗೊಂದು ಸಿಳ್ಳೆ ಇದೆಯೆಂದು
ಆವತ್ತು ಗೊತ್ತಾಯಿತು.

ನಾಲ್ಕನೆಯ ದಿನವೋ ಐದನೆಯದೋ
(ಅಲ್ಲಿ ವಾರಗಳೆಲ್ಲ ಒದ್ದೆಯಾಗಿ ಒಂದಕ್ಕೊಂದು ಅಂಟಿದ್ದವು)
ಇಂಚರಳ ಚಪ್ಪಲಿ ಹಿಡಿಯಲು ಅಣ್ಣ ತಮ್ಮ ಇಬ್ಬರೂ ಇಳಿದರು.
ಮೊಣಕಾಲು. ತೊಡೆ.
ದೊಡ್ಡದೊಂದು ಬಂತು.
ಕಾಲಡಿಯ ನೆಲ, ಯಾರೋ ಎಳೆದ ಚಾಪೆ.
ಅಣ್ಣನ ಕೈ ತಮ್ಮನ ರಟ್ಟೆ ಹಿಡಿದಿತ್ತು.
ಅಲೆ ಹೋದ ಮೇಲೆ ಬಿಟ್ಟಿತೋ ಇಲ್ಲವೋ ನಾನು ನೋಡಲಿಲ್ಲ,
ಟವೆಲು ಹುಡುಕುವ ನೆಪದಲ್ಲಿ ತಿರುಗಿ ನಿಂತೆ.
ನೋಡುತ್ತ ನಿಂತರೆ ಹಾಲು ಉಕ್ಕುವುದೇ ಇಲ್ಲ.
ಚಪ್ಪಲಿ ಒಂದೇ ಸಿಕ್ಕಿತು.

ಇವತ್ತು ಮಂಗಳವಾರ. ಮನೆ.
ಮೂರೂವರೆ ಇರಬೇಕು; ಜಂಕ್ಷನ್ನಿನಲ್ಲಿ ಗೂಡ್ಸ್ ಗಾಡಿ
ಡಬ್ಬಿಗೆ ಡಬ್ಬಿ ತಾಗಿಸಿ ಎಳೆದುಕೊಳ್ಳುತ್ತಿದೆ.
ಒಗೆಯುವ ಬಟ್ಟೆ ಕೊಡವಿದರೆ
ಜೇಬುಗಳಿಂದ, ಲಂಗದ ನೆರಿಗೆಯಿಂದ,
ಅತ್ತೆಯ ಸಂಚಿಯ ಅಡಿಕೆ ಚೂರಿನ ಸಂದಿಯಿಂದ
ಮರಳು.
ಗುಡಿಸಿದಷ್ಟೂ ಮರಳು.
ಮರಳಿದ್ದು ನಾವೋ ಅದೋ.

ನಲ್ಲಿ ಮೊದಲು ಬರೀ ಗಾಳಿ ಬಿಟ್ಟಿತು.
ಉಸ್ಸೆಂದು, ತಡೆದು, ಮತ್ತೆ ಉಸ್ಸೆಂದು.
ಅತ್ತೆ ಕತ್ತಲಲ್ಲೇ ಎದ್ದು ಕೂತು "ಬಂತು" ಎಂದರು.
ಯಾವುದು ಎಂದು ನಾನು ಕೇಳಲಿಲ್ಲ.

ಗೋಡೆಯಾಚೆ ದಾಕ್ಷಾಯಣಿಯ ಕೊಡಗಳ ಸದ್ದು.
ಅವರ ಮೋಟಾರು ಕೆಟ್ಟು ತಿಂಗಳಾಯಿತು.
ಇವರು ಲುಂಗಿ ಎತ್ತಿ ಕಟ್ಟಿ
ನಮ್ಮ ಪೈಪಿನ ತುದಿಯನ್ನು
ಹಿತ್ತಲ ಗೋಡೆ ಮೇಲಿಂದ, ಏನೂ ಹೇಳದೆ,
ಆಚೆ ಇಳಿಬಿಟ್ಟರು.
ಸ್ವಲ್ಪ ಹೊತ್ತು ಅದು ಸುಮ್ಮನೆ ತೂಗಾಡಿತು.
ಆಮೇಲೆ ಬಿಗಿಯಿತು.

ಒಂಟಿ ಚಪ್ಪಲಿ ಮೆಟ್ಟಿಲ ಮೇಲೇ ಇದೆ.
ಇಂಚರ ಎಸೆಯಲು ಬಿಡಳು,
ಇನ್ನೊಂದು ಬರುತ್ತದಂತೆ, ಅದಕ್ಕೆ ದಾರಿ ಗೊತ್ತಂತೆ.

ಹಂಡೆ ತುಂಬಿತು. ತಳದಲ್ಲಿ ನಾಲ್ಕು ಕಾಳು ಹೊಳೆದವು,
ನನ್ನ ಕೈಯಿಂದಲೇ ಬಿದ್ದವೇನೋ.
ಬಗ್ಗಿಸಿ ಚೆಲ್ಲಲೇ ಎಂದುಕೊಂಡೆ.
"ಏನ್ ನೋಡ್ತಿದೀಯೇ," ಎಂದರು ಅತ್ತೆ,
"ಮುಚ್ಚಳ ಮುಚ್ಚು, ಬೆಕ್ಕು ಬಾಯಿ ಹಾಕುತ್ತೆ."