ಬೂತಾಯಿ ಡಬ್ಬಿಯ ಲೆಕ್ಕ

ಮತೊಜಿನ್ಯೋಸ್ ಬಂದರಿನ ಹಿಂದಣ ಓಣಿ,
ಬೆಳಗಿನ ಏಳಕ್ಕೇ ಎಣ್ಣೆಯ ಘಮ.
ತಕ್ಕಡಿ, ಲ್ಯಾಪ್‌ಟಾಪು, ಹದಿನಾಲ್ಕು ಪುಟದ ಪ್ರಶ್ನೆಪಟ್ಟಿ.
ಕಾರ್ಖಾನೆಯ ಬಾಗಿಲಲ್ಲಿ ನನಗೂ ಒಂದು ಬಿಳಿ ಟೋಪಿ ಕೊಟ್ಟರು,
ಕೂದಲು ಉದುರೀತೆಂದು.

ನನ್ನ ಕೆಲಸ ಇಷ್ಟೇ:
ಒಂದು ಡಬ್ಬಿ ಬೂತಾಯಿ
ಈ ಭೂಮಿಗೆ ಎಷ್ಟಕ್ಕೆ ಬಿತ್ತು ಎಂದು ಹೇಳುವುದು.
ತೊಟ್ಟಿಲಿಂದ ಚಟ್ಟದವರೆಗೆ, ಅನ್ನುತ್ತೇವೆ ನಮ್ಮ ಕಸುಬಿನಲ್ಲಿ.
ಮೀನಿಗೆ ತೊಟ್ಟಿಲು ಎಲ್ಲಿ ಎಂದು
ಇದುವರೆಗೆ ಯಾರೂ ಕೇಳಿಲ್ಲ.

ದೋಣಿಯ ಡೀಸೆಲ್ ಕೇಳಿದೆ.
ಫಿರ್ಮಿನೊ ಕಿಸೆಯಿಂದ ತೆಗೆದ ಬಿಲ್ಲುಗಳಿಗೆ
ಮೀನಿನ ಹುರುಪೆ ಅಂಟಿತ್ತು.
"ಬರಿಗೈಲಿ ತಿರುಗಿದ ರಾತ್ರಿಗಳ ಎಣ್ಣೆ
ಯಾರ ಲೆಕ್ಕಕ್ಕೆ ಬರಕೊಳ್ತೀಯಮ್ಮ?"
ಸಿಕ್ಕ ಮೀನಿನ ತಲೆಗೇ ಹಂಚಿದೆ, ನಿಯಮ ಹಾಗಿದೆ.
ತಪ್ಪಿಸಿಕೊಂಡವು ಪುಣ್ಯ ಮಾಡಿದ್ದವು;
ಅವುಗಳ ಸಾಲವನ್ನೂ ಇವೇ ಹೊತ್ತವು.

ಉಪ್ಪು, ನೀರು, ಹಬೆ, ಆಲಿವ್ ಎಣ್ಣೆ,
ಎಣ್ಣೆಯ ಹಿಂದೆ ಮರ, ಮರದ ಬುಡಕ್ಕೆ ಗೊಬ್ಬರ,
ಗೊಬ್ಬರದ ಹಿಂದೆ ಅನಿಲ,
ಅನಿಲದ ಹಿಂದೆ ಯಾವುದೋ ಮರಳುಗಾಡಿನ ಕೊಳವೆ.
ಹೀಗೇ ಹಿಂದೆ ಹಿಂದೆ ಹೋದರೆ
ಆದಾಮನ ಹಣ್ಣಿಗೂ ಒಂದು ಸಾಲು ಬೇಕಾದೀತು.
ಎಲ್ಲೋ ಒಂದು ಕಡೆ ಗೆರೆ ಎಳೆಯಬೇಕು.
ಎಳೆದೆ.
ಗೆರೆಯಾಚೆ ಉಳಿದದ್ದನ್ನೆಲ್ಲ
ಕೊನೆಯ ಪುಟದ ಅಡಿಗೆ, ಸಣ್ಣ ಅಕ್ಷರದಲ್ಲಿ.

ಮಧ್ಯಾಹ್ನ ಕೂಡಿಸಿ ನೋಡಿದರೆ
ಕಡಲು, ದೋಣಿ, ಒಲೆ ಎಲ್ಲ ಸೇರಿ ಒಂದು ಪಾಲು,
ಖಾಲಿ ಡಬ್ಬಿಯದೇ ಎರಡು ಪಾಲು.
ಮೂಗಿಗಿಂತ ಮೂಗುತಿ ಭಾರ.
ಬೆರಳುದ್ದದ ಮೀನು ಒತ್ತರಿಸಿ ಮಲಗಲೆಂದು
ಬೆಟ್ಟ ಅಗೆದು, ಮಣ್ಣು ಕಾಯಿಸಿ, ತಗಡು ಬಡಿದು,
ಮೇಲೊಂದು ಹಳದಿ ಕಾಗದದ ಅಂಗಿ.
ಮ್ಯಾನೇಜರ ಮುಖ ಸಪ್ಪಗಾಯಿತು:
"ಮೀನಿನದೇ ತಪ್ಪು ಅಂತ ಬರೆಯೋಕಾಗಲ್ವಾ?"

ಡಬ್ಬಿ ತುಂಬುವ ಮೇಜಿನಲ್ಲಿ ಅಡೊಜಿಂಡ.
ಕಣ್ಣು ರೆಪ್ಪೆ ಬಡಿಯುವುದರೊಳಗೆ
ಬಾಲ ಕತ್ತರಿಸಿ, ತಲೆಗೆ ಬುಡ ಬುಡಕ್ಕೆ ತಲೆ, ಐದು ಮೀನು.
ಅವಳಿಗೆ ತಕ್ಕಡಿ ಇಲ್ಲ.
ನನ್ನದರಲ್ಲಿಟ್ಟು ನೋಡಿದೆ: ತೊಂಬತ್ತು, ತೊಂಬತ್ತು,
ತೊಂಬತ್ತು. ಗುಲಗಂಜಿಯಷ್ಟೂ ಆಚೀಚೆ ಇಲ್ಲ.
ಎಷ್ಟು ವರ್ಷದಿಂದ? ನಲವತ್ತೊಂದು.
ಕೆಲಸಕ್ಕೆ ಬರುವುದು ಹೇಗೆ? "ನಡಕೊಂಡು."
ಸೊನ್ನೆ, ಎಂದು ಬರೆದೆ.
ಅವಳು ಬಗ್ಗಿ ಓದಿದಳು.
"ಸೊನ್ನೆಯಾ? ದಿಬ್ಬ ಹತ್ತುವಾಗ ಹಾಗನ್ನಿಸಲ್ಲ."

ಕೊನೆಯ ಪುಟ. ಬಳಸಿದ ಮೇಲೆ ಡಬ್ಬಿಯ ಗತಿ:
ಕರಗಿಸುವುದು, ಹೂಳುವುದು, ಸುಡುವುದು;
ಶೇಕಡಾ ತುಂಬಿ.
ಸುಮ್ಮನೆ, ಮಾತಿಗೆ, ಅವಳನ್ನೂ ಕೇಳಿದೆ.

"ಒಂದರಲ್ಲಿ ಪಾರ್ಸ್ಲಿ ಬೆಳೆದಿದೆ, ಕಿಟಕಿ ಮೇಲೆ.
ಒಂದರಲ್ಲಿ ಮೊಳೆ. ಒಂದು ಬೆಕ್ಕಿಗೆ.
ಇನ್ನೊಂದು ಅಮ್ಮನದು, ಅದರ ಮೇಲಿನ ಹೆಸರಿನ ಕಾರ್ಖಾನೆಯೇ ಈಗಿಲ್ಲ.
ಅದರ ತುಂಬ ಗುಂಡಿಗಳು.
ಕೋಟುಗಳೆಲ್ಲ ಹರಿದು ಹೋದವು, ಗುಂಡಿ ಇವೆ.
ಚಟ್ಟ ಅಂದೆಯಲ್ಲ, ಅದಿನ್ನೂ ಸತ್ತಿಲ್ಲವಲ್ಲ,
ಏನಂತ ಬರೀತೀ?"

ಖಾಲಿ ಬಿಟ್ಟೆ. ಆ ಚೌಕ ಕೆಂಪಾಗಿ ಮಿನುಗಿತು,
ಮುಂದಕ್ಕೆ ಬಿಡಲಿಲ್ಲ.
ಪಟ್ಟಿಯಲ್ಲಿದ್ದ ದೇಶದ ಸರಾಸರಿಯನ್ನೇ ತುಂಬಿ
ಟೋಪಿ ಕಳಚಿಟ್ಟೆ.

ಹೊರಡುವಾಗ ಚೀಲಕ್ಕೆ ಒಂದು ಡಬ್ಬಿ ತುರುಕಿದಳು,
ಪರೀಕ್ಷೆಗಲ್ಲ, ಊಟಕ್ಕೆ.
ರಾತ್ರಿ ಅಡುಗೆಮನೆಯಲ್ಲಿ ನಿಂತೇ ತಿಂದೆ,
ರೊಟ್ಟಿಯ ಅಂಚಿನಿಂದ ಎಣ್ಣೆ ಬಳಿದು, ಮೂಳೆ ಸಮೇತ.
ಎಂಥ ರುಚಿ ಅಂತೀರಿ. ಅದಕ್ಕೊಂದು ಕಾಲಂ ಇಲ್ಲ.

ಡಬ್ಬಿ ತೊಳೆದೆ. ಬಿಸಿನೀರು, ಅಂದಾಜು ಅರ್ಧ ಲೀಟರು.
ಎರಡು ಕಸದ ಬುಟ್ಟಿಗಳ ನಡುವೆ ಸ್ವಲ್ಪ ಹೊತ್ತು ನಿಂತು
ಕಿಟಕಿಯಲ್ಲಿ ಬೋರಲು ಹಾಕಿದ್ದೇನೆ.
ಅದರಲ್ಲಿ ಏನಿಡಲಿ, ಇನ್ನೂ ತೋಚಿಲ್ಲ.
ವರದಿ ಶುಕ್ರವಾರ ಕೊಡಬೇಕು.