ಹಿಂಡಿ ಬರಿದಾದ ಮೇಲೂ

ಬೆಳಗಿನ ಜಾವ ನಾಲ್ಕೂವರೆಗೆ
ಎವಾರಿಸ್ತೊನ ದೋಣಿ ದಡ ಮುಟ್ಟಿತೆಂದರೆ
ಬಂಡೆಯ ಮೇಲಿನ ನಮ್ಮ ಪ್ರಯೋಗಾಲಯದ ದೀಪ ಹತ್ತುತ್ತದೆ.
ವಾಲ್ಪರೈಸೊದಿಂದ ಮೊದಲ ಬಸ್ಸು ಬರುವ ಮುಂಚೆಯೇ
ನನ್ನ ಕೈಯಲ್ಲಿ ಕತ್ತರಿ.

ಮಗುವಿನಷ್ಟು ಉದ್ದದ ಬೊಂಡಾಸ್, ಇನ್ನೂ ಬಣ್ಣ ಬದಲಿಸುತ್ತಿದೆ,
ಕೆಂಪು, ಬಿಳಿಚು, ಮತ್ತೆ ಕೆಂಪು,
ಹೇಳುವ ಮಾತು ಬಾಕಿ ಉಳಿದವರ ಮುಖದ ಹಾಗೆ.
ಸೀಳಿದೆ. ಮಾಂಸದ ಒಳಮೈಗೆ ಅಂಟಿಕೊಂಡು
ಅಲ್ಲಿದೆ ಅದು, ಒಂದೇ ಒಂದು ನರತಂತು,
ಶ್ಯಾವಿಗೆಯಷ್ಟು ದಪ್ಪ, ಬರಿಗಣ್ಣಿಗೇ ಕಾಣುವಂಥದು.
ಎರಡು ತುದಿಗೆ ನೂಲು ಕಟ್ಟುತ್ತೇನೆ,
ಒಂದಕ್ಕೆ ಕೆಂಪು, ಒಂದಕ್ಕೆ ಕಪ್ಪು.
ಇಪ್ಪತ್ತೊಂದು ವರ್ಷದಲ್ಲಿ ನನ್ನ ಕೈಯಲ್ಲಿ ಹರಿದದ್ದು ಹನ್ನೊಂದು;
ಹನ್ನೊಂದರ ತಾರೀಖೂ ನೆನಪಿದೆ.

ಈ ಸಲ ಪೆಟ್ಟಿಗೆ ಇಳಿಸಿ ಅವನು ಹೋಗಲಿಲ್ಲ.
ಬಲಗೈ ಚಾಚಿದ. ಹೆಬ್ಬೆರಳಿಗೆ ಗಾಳ ಹೊಕ್ಕಿತ್ತಂತೆ;
ಗೊತ್ತಾದದ್ದು ಚಹಾದ ಲೋಟಕ್ಕೆ ರಕ್ತ ಹತ್ತಿದಾಗ.
"ಸಕ್ಕರೆ ಕಾಯಿಲೆ ಅಂತಾರೆ. ಮೊದಲು ಪಾದ ಹೋಯ್ತು,
ಈಗ ಬೆರಳು. ಒರ್ತೆನ್ಸಿಯಾ,
ನೀನು ದಿನಾ ಬಿಡಿಸಿ ತೆಗೆಯೋದು ಇದನ್ನೇ ಅಲ್ವಾ?
ನನ್ನೊಳಗೆ ಸತ್ತದ್ದು ಇದೇ ಏನು?"

ನಾನು ವಿಜ್ಞಾನಿ ಅಲ್ಲ, ಕತ್ತರಿ ಹಿಡಿದವಳು.
ಆದರೂ ಹೇಳಿದೆ: ಪಾದವೇ ಯಾಕೆ ಮೊದಲು ಅಂದರೆ, ಅದು ದೂರ.
ಸೊಂಟದ ಹತ್ತಿರ ಕೂತ ಒಂದು ಕೋಶ
ಕಾಲಿನ ಹೆಬ್ಬೆರಳ ತನಕ ಒಂದೇ ಕೈ ಚಾಚಿರುತ್ತದೆ.
ಅಷ್ಟು ದೂರಕ್ಕೆ ಬುತ್ತಿ ಹೋಗಬೇಕು, ನಡೆದುಕೊಂಡೇ, ದಿನವೂ.
ತಲುಪದ ತುದಿಯಿಂದ ಒಣಗುತ್ತ ಬರುತ್ತದೆ.
ಅವನು ಸೊಂಟದಿಂದ ಪಾದಕ್ಕೆ ಕಣ್ಣು ಹಾಯಿಸಿದ,
ಹಗ್ಗ ಅಳೆಯುವವನ ಹಾಗೆ.

ಬಾ, ಎಂದೆ.
ಗಾಜಿನ ತೊಟ್ಟಿಯಲ್ಲಿ ಸಮುದ್ರದ ನೀರು, ನೀರಿನಲ್ಲಿ ತಂತು.
ಹೊರಗೆ ಸೋಡಿಯಂ, ಒಳಗೆ ಪೊಟ್ಯಾಶಿಯಂ,
ನಡುವಿನ ಗೋಡೆಗೆ ಲೆಕ್ಕವಿಲ್ಲದಷ್ಟು ಪುಟ್ಟ ಕದ.
ಒಂದು ತಟ್ಟು ತಟ್ಟಿದರೆ ಮೊದಲ ಕದ ತೆರೆದು
ಹೊರಗಿನ ಉಪ್ಪು ಒಳನುಗ್ಗುತ್ತದೆ,
ಆ ನುಗ್ಗೇ ಪಕ್ಕದ ಕದಕ್ಕೆ ತಟ್ಟು, ಅದು ಅದರ ಪಕ್ಕದ್ದಕ್ಕೆ.
ಹಾದುಹೋದ ಕದ ಮುಚ್ಚಿಕೊಂಡು
ಅರೆಗಳಿಗೆ ಯಾರ ಮಾತೂ ಕೇಳುವುದಿಲ್ಲ;
ಅದಕ್ಕೇ ಸುದ್ದಿ ಹಿಂದಿರುಗುವುದಿಲ್ಲ.
ಅರ್ಧ ಸುದ್ದಿ ಎಂಬುದೂ ಇಲ್ಲಿಲ್ಲ. ಇಡಿ, ಇಲ್ಲವೇ ಏನೂ ಇಲ್ಲ.
ನೋವು ಹೆಚ್ಚಿದರೆ ಕೂಗಿನ ಎತ್ತರ ಹೆಚ್ಚದು,
ಅದೇ ಕೂಗು, ಬೇಗ ಬೇಗ, ಬೇಗ ಬೇಗ.

ಪರದೆಯ ಮೇಲೆ ಹಸಿರು ಗೆರೆ ಎದ್ದು ಬಿತ್ತು.
"ಅಲೆ," ಅಂದ.

ಆಮೇಲೆ ಪುಟ್ಟ ಲಟ್ಟಣಿಗೆ ಉರುಳಿಸಿ
ಒಳಗಿನ ಲೋಳೆಯನ್ನೆಲ್ಲ ಹಿಂಡಿ ತೆಗೆದೆ.
ಉಳಿದದ್ದು ತೊಗಲು.
ಪೊಟ್ಯಾಶಿಯಂ ಕರಗಿಸಿದ ನೀರು ತುಂಬಿ ತಟ್ಟಿದೆ.
ಗೆರೆ ಎದ್ದಿತು.

"ಒಳಗೆ ಏನೂ ಇಲ್ಲದೇನಾ?"
ಒಳಗೊಂದು ಉಪ್ಪು, ಹೊರಗೊಂದು ಉಪ್ಪು,
ನಡುವೆ ಭೇದ ಉಳಿದರೆ ಸಾಕು, ಎವಾರಿಸ್ತೊ.
ಎರಡೂ ಸಮವಾದ ದಿನ ಶಾಂತಿಯಲ್ಲ, ಸಾವು.

ಅವನು ಹೆಬ್ಬೆರಳನ್ನು ತೊಟ್ಟಿಯ ನೀರಿಗೆ ಅದ್ದಿ
"ತಣ್ಣಗಿದೆಯಾ?" ಎಂದು ನನ್ನನ್ನು ಕೇಳಿದ.
ಹದಿನಾರು ಡಿಗ್ರಿ, ಎಂದೆ.
ಬೇರೆ ಏನು ಹೇಳಲಿ.

ಹನ್ನೊಂದೂ ಇಪ್ಪತ್ತಕ್ಕೆ ತಂತು ಸುಮ್ಮನಾಯಿತು.
ವೇಳೆ ಬರೆದುಕೊಂಡು ಮೇಜು ಒರೆಸುವಾಗ ನೋಡಿದರೆ
ಕೆಂಪು ನೂಲಿನ ಉಂಡೆ ಕಾಣೆ.

ಮರುದಿನ ದೋಣಿಯಿಂದ ಕೈ ಬೀಸಿದ.
ಹೆಬ್ಬೆರಳಿಗೆ ಸುತ್ತಿಕೊಂಡಿದ್ದಾನೆ, ಐದಾರು ಸುತ್ತು.
"ಕಣ್ಣಾದರೂ ಕಾಯಲಿ!" ಎಂದು ಕೂಗಿದ್ದು
ಗಾಳಿಯಲ್ಲಿ ಅರ್ಧ ಮಾತ್ರ ಕೇಳಿಸಿತು.