ಒಳಗಿನದ್ದು ನಿಂತಿತಾ?

ಕುಂಬಳೆಯ ನೀರಿನ ಆಫೀಸು, ಎಡಗಡೆ ಡ್ರಾಯರು,
ಮಾಂಕು ಮಣಿಯಾಣಿಯವರು ಬಿಟ್ಟುಹೋದ ಕ್ಯಾಲ್ಕುಲೇಟರು.
ಸಾಲ್ವ್ ಗುಂಡಿಯ ಮೇಲಿನ ಅಕ್ಷರ
ಅವರ ಹೆಬ್ಬೆರಳಿಗೇ ಹೋಗಿದೆ.

ಪೈವಳಿಕೆಯ ಗುಡ್ಡದ ಟ್ಯಾಂಕಿನಿಂದ ಕೆಳಗಿನ ಕಾಲನಿಗೆ
ಎರಡು ಸಾವಿರದ ನಾನ್ನೂರು ಮೀಟರ್ ದಾರಿ,
ಇಳಿತ ಹತ್ತೂವರೆ,
ಸೆಕೆಂಡಿಗೆ ಹದಿನೈದು ಲೀಟರ್ ಹೋಗಬೇಕು.
ಪೈಪು ಎಷ್ಟು ಅಗಲ?

ಅಗಲ ತಿಳಿಯಲು ಘರ್ಷಣೆ ತಿಳಿದಿರಬೇಕು,
ಘರ್ಷಣೆಗೆ ಅಗಲ. ಸಾಲದ್ದಕ್ಕೆ ಈ ಘರ್ಷಣೆ
ತನ್ನ ಸಮೀಕರಣದ ಎರಡೂ ಬದಿಗೆ ಕೂತು
ತನ್ನನ್ನೇ ಕೇಳುತ್ತದೆ, ನಾನೆಷ್ಟು?

ಸಾಲ್ವ್‌ನ ಒಳಗೆ ಸಾಲ್ವ್ ಕರೆದೆ, ಆಗ ಹೊಸಬಳು.
ಎರರ್ ಅಂದಿತು ಪರದೆ.
ಮಣಿಯಾಣಿಯವರು ನಕ್ಕರು.
ಅವರಪ್ಪ ಸುರಂಗ ತೋಡುತ್ತಿದ್ದವರು.
"ಬಾವಿಗೆ ಯಂತ್ರ ಇಳಿಸಬಹುದು ಮಾರಾಯ್ತಿ,
ಬಾವಿಯ ಒಳಗಿಂದ ಸುರಂಗ ಕೊರೆಯಲಿಕ್ಕೆ
ಕೈಯೇ ಆಗಬೇಕು."

ರಟ್ಟಿನ ಒಳಬದಿಗೆ ಅಂಟಿಸಿದ ಚೀಟಿ, ಹನ್ನೊಂದು ಸಾಲು.
ಕಡತವೆಲ್ಲ ಮಲಯಾಳ, ಚೀಟಿ ಮಾತ್ರ ಕನ್ನಡ:
ಊಹಿಸು. ಹಾಕಿ ನೋಡು.
ಬಂದದ್ದನ್ನೇ ಮತ್ತೆ ಹಾಕು.
ಅಲುಗದಿದ್ದರೆ ಹೊರಗೆ ಬಾ.

ಹೊರಗಿನವ ಒಂದು ಹೆಜ್ಜೆ ಇಡುವಷ್ಟರಲ್ಲಿ
ಒಳಗಿನವ ಎಂಟು ಸಲ ತಿರುಗಿರುತ್ತಾನೆ.
ಮೂರೂವರೆ ನಿಮಿಷ. ಚಾ ಆರುತ್ತದೆ.

ಒಮ್ಮೆ ಅವಸರಕ್ಕೆ ಒಳಗಿನದ್ದು ಸಡಿಲ ಮಾಡಿದೆ,
ಎರಡು ದಶಾಂಶ ಧಾರಾಳ ಸಾಕು ಅಂತ.
ನೂರ ಮೂವತ್ತೆಂಟು, ನೂರ ಅರವತ್ತೊಂದು,
ನೂರ ನಲವತ್ತು, ಮತ್ತೆ ಅರವತ್ತು,
ದೆವ್ವ ಮೆಟ್ಟಿದ ಹಾಗೆ ಹೊರಗಿನದ್ದು.
ಅವರು ಬೈಯಲಿಲ್ಲ.
"ಹೊರಗೆ ನಾಲ್ಕು ಸ್ಥಾನ ಬೇಕಾದರೆ ಒಳಗೆ ಒಂಬತ್ತು.
ಒಳಗಿನವ ಒಂಚೂರು ಸುಳ್ಳು ಹೇಳಿದರೆ
ಹೊರಗಿನವ ಪಾಪ, ಎಂತ ಮಾಡುವುದು?"

ಉತ್ತರ ನೂರ ಐವತ್ತೆರಡು ಬಿಂದು ಆರು.
ಅಂಗಡಿಯಲ್ಲಿ ನೂರೈವತ್ತುಂಟು, ಇನ್ನೂರುಂಟು,
ನಡುವೆ ಏನಿಲ್ಲ.
"ಎರಡೂವರೆ ಮಿಲ್ಲಿಗೆ ಯಾರು ಸಾಯ್ತಾರೆ ಮೇಡಂ?"
ಕಂಟ್ರಾಕ್ಟರ್ ಮೊಯ್ದೀನ್‌ಕುಂಞಿ ಕೇಳಿದರು.
ಇನ್ನೂರು ಬರೆದೆ. ಫೈಲು ವಾಪಸು ಬಂತು.
ಮತ್ತೆ ಇನ್ನೂರೇ ಬರೆದೆ.

ಅವರು ಪೆನ್ಶನ್ ಆಗಿ ನಾಲ್ಕು ವರ್ಷ.
ಫೋನಿನಲ್ಲಿ ಪೈಪು ಬಂತಾ, ನೀರು ಬಂತಾ ಕೇಳುವುದಿಲ್ಲ.
ಕಿವಿ ಮಂದವಾದವರ ದೊಡ್ಡ ದನಿಯಲ್ಲಿ
"ಒಳಗಿನದ್ದು ನಿಂತಿತಾ?"

ನಿಂತಿತು ಅನ್ನುತ್ತೇನೆ, ಅಷ್ಟೇ ಜೋರಾಗಿ.
ಮೇಜಿನ ಮೇಲೆ ಪರದೆ
ಇನ್ನೂ ಮಿಣುಕುತ್ತಿದೆ.